ತಗಡಿನೊಳಗೆ ಒಂದು ಮಳೆಗಾಲ

ಮೊನ್ನೆ ಮಂಡ್ಯದಲ್ಲಿ ಅಣ್ಣನ ಮನೆಗೆ ಹೋದಾಗ ಗೇಟಿಗೆ ಬೆಳ್ಳಿ ಬಣ್ಣ ಬಳಿಸುತ್ತಿದ್ದರು. ಟರ್ಪೆಂಟೈನ್ ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಎದೆ ಡವಡವ ಅನ್ನತೊಡಗಿತು. ಅಲ್ಲೇ ಜಗಲಿಯ ಮೇಲೆ ಕುಳಿತುಬಿಟ್ಟೆ. ಅಣ್ಣನ ಸೊಸೆ ಓಡಿಬಂದು, "ಯಾಕತ್ತೆ, ಬಿಸ್ಲು ಜಾಸ್ತಿ ಆಯ್ತಾ?" ಅಂತ ನೀರು ಕೊಟ್ಟಳು. ಬಿಸಿಲಲ್ಲ, ಹೆದರಿಕೆ ಅಂದಿದ್ದರೆ ನಕ್ಕುಬಿಡುತ್ತಿದ್ದಳು. ಗೇಟಿನ ಬಣ್ಣಕ್ಕೆ ಹೆದರುವ ಹೆಂಗಸನ್ನು ಯಾರು ತಾನೇ ಕಂಡಿದ್ದಾರೆ? ಆದರೆ ನನ್ನ ಮೈಗೆ ಆ ವಾಸನೆ ಚೆನ್ನಾಗಿ ಗೊತ್ತು. ಒಂದು ಇಡೀ ಮಳೆಗಾಲ ನಾನು ಅದರೊಳಗೇ ಉಸಿರಾಡಿದ್ದೇನೆ.

ಈಗ ಟೀವಿಯಲ್ಲಿ ದೊಡ್ಡ ದೊಡ್ಡ ಹಾಡುಗಾರರ ಹಿಂದೆ ಯಂತ್ರಮಾನವರು ಸಾಲಾಗಿ ನಿಂತು ಕುಣಿಯುತ್ತಾರೆ. ಹೊಗೆ ಏಳುತ್ತದೆ, ಬಣ್ಣದ ದೀಪಗಳು ತಿರುಗುತ್ತವೆ, ಮನೆಯ ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತವೆ. ನಾನು ಮಾತ್ರ, ಅಯ್ಯೋ ಪಾಪ, ಒಳಗಿರುವವರಿಗೆ ಎಷ್ಟು ಸೆಕೆಯೋ ಅಂದುಕೊಳ್ಳುತ್ತೇನೆ.

ತುರ್ತು ಪರಿಸ್ಥಿತಿ ಮುಗಿದ ಮಾರನೆಯ ವರ್ಷ ಇರಬೇಕು. ನಾನು ಮಂಡ್ಯದಲ್ಲಿ ಎರಡನೇ ಪಿಯುಸಿ ಓದುತ್ತಿದ್ದೆ. ಅಪ್ಪ ಹೈಸ್ಕೂಲು ಮೇಷ್ಟ್ರು. ಸುತ್ತಲ ಹಳ್ಳಿಗಳಲ್ಲಿ ಯಾವ ಸಮಾರಂಭ ನಡೆದರೂ ಅಧ್ಯಕ್ಷತೆಗೆ ಅವರನ್ನು ಕರೆಯುತ್ತಿದ್ದರು. ವೇದಿಕೆಯ ಮೇಲೆ ಮಾತಿನ ಮಲ್ಲ, ಮನೆಯಲ್ಲಿ ಮೂಗ. ನಮ್ಮ ನೆಂಟರಲ್ಲಿ ಹೈಸ್ಕೂಲು ದಾಟಿದ ಹೆಣ್ಣು ನಾನೊಬ್ಬಳೇ. ಅದಕ್ಕಾಗಿ ಅಪ್ಪನನ್ನು ಕುಟುಕದವರೇ ಇರಲಿಲ್ಲ. ಮಳವಳ್ಳಿಯಿಂದ ಒಂದು ಸಂಬಂಧ ಬಂದು ಬಾಗಿಲಲ್ಲೇ ಕಾದು ಕುಳಿತಿತ್ತು. ಗಂಡಿನ ಸೋದರಮಾವ ಬಸವಯ್ಯ ಎಂಬಾತ ಬಂದಾಗಲೆಲ್ಲ, "ಓದಿದ್ದು ಸಾಕು ಬುಡಿ ಮೇಷ್ಟ್ರೇ, ಲಗ್ನ ಇಟ್ಕೊಳವ" ಅನ್ನುತ್ತಿದ್ದ. ಅಪ್ಪ ನನ್ನನ್ನು ಎದುರು ನಿಲ್ಲಿಸಿಕೊಂಡು ಹೇಳಿದ್ದರು: "ನಿನ್ ಮೇಲೆ ಒಂದ್ ಮಾತು ಕೇಳ್ಬಂದ್ರೆ ಮುಗೀತು ಕಣವ್ವ ಗಿರಿಜಾ. ಅವತ್ತೇ ಕಾಲೇಜು ಬುಡ್ಸಿ ಮಳವಳ್ಳಿಯೋರ್ಗೆ ಮಾತು ಕೊಟ್ಬುಡ್ತೀನಿ." ನನಗೋ ಟೀಚರ್ ಆಗಬೇಕು, ಹೆಣ್ಣುಮಕ್ಕಳಿಗೆ ಲೆಕ್ಕ ಹೇಳಿಕೊಡಬೇಕು ಅಂತ ಆಸೆ. ತಲೆ ತಗ್ಗಿಸಿಕೊಂಡು ಕಾಲೇಜಿಗೆ ಹೋಗಿ, ತಗ್ಗಿಸಿದ ತಲೆಯಲ್ಲೇ ವಾಪಸು ಬರುತ್ತಿದ್ದೆ.

ಅಣ್ಣ ಸಿದ್ದರಾಜುವಿಗೆ ಓದು ತಲೆಗೆ ಹತ್ತಲಿಲ್ಲ. ಪುಟ್ಟಸ್ವಾಮಿ ಎಂಬ ರೇಡಿಯೊ ರಿಪೇರಿಯವನು ಕಟ್ಟಿದ್ದ ಆರ್ಕೆಸ್ಟ್ರಾದಲ್ಲಿ ಡ್ರಮ್ಸ್ ಬಾರಿಸುತ್ತಿದ್ದ. ಗಂಡುಹುಡುಗ ತಾನೇ, ಅಪ್ಪ ಬೈದು ಬೈದು ಕೈಬಿಟ್ಟಿದ್ದರು. ಆ ಕಾಲಕ್ಕೆ ಊರಿಗೊಂದು ಆರ್ಕೆಸ್ಟ್ರಾ ಹುಟ್ಟಿಕೊಂಡು, ಗಣಪತಿ ಹಬ್ಬದಿಂದ ರಾಜ್ಯೋತ್ಸವದವರೆಗೆ ಪೈಪೋಟಿಯೋ ಪೈಪೋಟಿ. ಎಲ್ಲರೂ ಹಾಡುವುದು ಅವೇ ಹಾಡು. ಜನ ನಮ್ಮನ್ನೇ ಕರೆಯಬೇಕಾದರೆ ಏನಾದರೂ ಹೊಸದು ಬೇಕು. ಪುಟ್ಟಸ್ವಾಮಿ ಬೆಂಗಳೂರಿನಲ್ಲಿ ಯಾವುದೋ ವಿದೇಶಿ ಪತ್ರಿಕೆಯಲ್ಲಿ ಒಂದು ಚಿತ್ರ ನೋಡಿ ಬಂದ. ಹೊರದೇಶದ ಹಾಡುಗಾರರು ಯಂತ್ರಗಳ ಹಾಗೆ ವೇಷ ಕಟ್ಟಿ, ಮುಖದಲ್ಲಿ ನಗುವಿಲ್ಲದೆ ಸೆಟೆದು ನಿಂತಿದ್ದರಂತೆ. "ನಾವೂ ಒಂದು ಯಂತ್ರಮಾನವನ್ನ ಕುಣಿಸ್ಬುಡನ ಕಣ್ಲಾ" ಅಂದನಂತೆ ಅಣ್ಣನಿಗೆ.

ಎಣ್ಣೆ ಡಬ್ಬಗಳನ್ನು ಬಿಚ್ಚಿ, ತಗಡು ಬಡಿದು, ಮೈ ಮಾಡಿದರು. ದೊಡ್ಡ ಬಿಸ್ಕತ್ತು ಡಬ್ಬವೇ ತಲೆ. ಕಣ್ಣಿಗೆ ಸೈಕಲ್ಲಿನ ಹಿಂದೆ ಹಾಕುವ ಕೆಂಪು ಗಾಜು, ಎದೆಯ ಮೇಲೆ ಬ್ಯಾಟರಿ ಸೆಲ್ಲಿನಿಂದ ಉರಿಯುವ ಪುಟಾಣಿ ಬಲ್ಬುಗಳು, ಮೇಲೆಲ್ಲ ಬೆಳ್ಳಿ ಬಣ್ಣ. ಕುಣಿಯಲು ನಾಗ ಅಂತ ಒಬ್ಬ ಸಣಕಲು ಹುಡುಗನಿದ್ದ. ತಗಡನ್ನು ಅವನ ಅಳತೆಗೇ ಕತ್ತರಿಸಿದ್ದರು. ತಾಲೀಮು ನಡೆಯುತ್ತಿದ್ದುದು ನಮ್ಮ ಹಿತ್ತಿಲ ಕೊಟ್ಟಿಗೆಯಲ್ಲಿ, ಅಪ್ಪ ಸ್ಕೂಲಿಗೆ ಹೋದ ಹೊತ್ತಿನಲ್ಲಿ. ನಾನು ಬಟ್ಟೆ ಒಣಹಾಕುವ ನೆಪದಲ್ಲಿ ನೋಡುತ್ತಿದ್ದೆ. ನಾಗ ಕೈ ಆಡಿಸುವುದು ನೋಡಿದರೆ ಮದುವೆ ಮನೆಯಲ್ಲಿ ಬಡಿಸುವವನ ಹಾಗಿತ್ತು. ತಡೆಯಲಾರದೆ ಒಂದು ದಿನ ಹೇಳಿಯೇಬಿಟ್ಟೆ. "ಆಲೆಮನೆ ಗಾಣ ನೋಡಿಲ್ವೇನಣ್ಣ? ಕಬ್ಬು ಸಿಕ್ಕಾಕಂಡಾಗ ಗಕ್ಕಂತ ನಿಲ್ತದೆ, ಒಂದು ಗಳಿಗೆ ಬುಟ್ಟು ಎಗರಿ ತಿರುಗ್ತದೆ. ಅಂಗೆ ಮಾಡು." ನಾನೇ ಮಾಡಿ ತೋರಿಸಿದೆ. ತೋಳು ಎತ್ತಿ, ಮೊಣಕೈಯಲ್ಲಿ ನಿಲ್ಲಿಸಿ, ಮುಂಗೈಯನ್ನು ಮಾತ್ರ ನೇತಾಡಲು ಬಿಟ್ಟು, ಆಮೇಲೆ ಕತ್ತು ಹೊರಳಿಸಿದೆ. ಪುಟ್ಟಸ್ವಾಮಿ ಇನ್ನೊಂದು ಸಲ ಮಾಡು ಅಂದ. ನನಗೆ ಕುಣಿಯಲು ಬರುತ್ತದೆ ಅನ್ನುವುದು ನನಗೂ ಅವತ್ತೇ ಗೊತ್ತಾದದ್ದು.

ಗೌರಿ ಹಬ್ಬದ ಹಿಂದಿನ ವಾರ ನಾಗನಿಗೆ ಕಾಮಾಲೆ ಹಿಡಿಯಿತು. ಮಂಡ್ಯದ ಹತ್ತಿರದ ದುದ್ದದಲ್ಲಿ ಮೊದಲ ಪ್ರೋಗ್ರಾಮು ಒಪ್ಪಿಕೊಂಡಾಗಿತ್ತು, ಯಂತ್ರಮಾನವ ಬರುತ್ತಾನೆ ಅಂತ ಗೋಡೆಗಳ ಮೇಲೆಲ್ಲ ಬರೆಸಿಯೂ ಆಗಿತ್ತು. ಬೇರೆ ಯಾರನ್ನು ತಂದರೂ ತಗಡಿನೊಳಗೆ ಹಿಡಿಸಲಿಲ್ಲ. ಹಿಡಿಸಿದ್ದು ನಾನು ಮಾತ್ರ. ಅಣ್ಣ ಬೇಡವೇ ಬೇಡ ಅಂದ. ಪುಟ್ಟಸ್ವಾಮಿ ಕೈ ಮುಗಿದ. "ಒಂದೇ ಒಂದು ದಿನ ಕಣಮ್ಮ. ಮುಖ ಕಾಣಲ್ಲ, ದನಿ ಕೇಳಲ್ಲ. ಒಳಗಿರೋದು ಯಾರು ಅಂತ ಆ ಬ್ರಹ್ಮನಿಗೂ ಗೊತ್ತಾಗಲ್ಲ." ನನ್ನನ್ನು ಯಾರೂ ಬಲವಂತ ಮಾಡಲಿಲ್ಲ, ಆ ಮಾತು ಸ್ಪಷ್ಟವಾಗಿ ಹೇಳುತ್ತೇನೆ. ಆಸೆ ನನ್ನದೇ. ಸಾವಿರ ಜನರ ಎದುರು ಕುಣಿಯಬೇಕು, ಆದರೆ ಯಾರ ಕಣ್ಣಿಗೂ ಬೀಳಬಾರದು. ಮಂಡ್ಯದ ಮೇಷ್ಟ್ರ ಮಗಳಿಗೆ ಅಂಥ ಜಾಗ ಈ ಭೂಮಿಯ ಮೇಲೆ ಬೇರೆಲ್ಲಿತ್ತು?

ಅವ್ವನಿಗೆ ಗೆಳತಿಯ ಮನೆಯಲ್ಲಿ ಕೂತು ಓದುತ್ತೇನೆ ಅಂತ ಹೇಳಿ ಹೊರಟೆ. ದುದ್ದದಲ್ಲಿ ಜಡಿಮಳೆ. ಚಪ್ಪರದ ಹಿಂದೆ, ಟಾರ್ಪಾಲಿನ ಮರೆಯಲ್ಲಿ, ಅಣ್ಣ ಸ್ಪ್ಯಾನರ್ ಹಿಡಿದು ಬೆನ್ನಿನ ನಟ್ಟುಗಳನ್ನು ಬಿಗಿದ. ತಲೆಗೆ ಮಾತ್ರ ಕೊಂಡಿಗಳು. ಮೈ ಬಿಚ್ಚಬೇಕಾದರೆ ಇನ್ನೊಬ್ಬರು ಬೇಕೇಬೇಕು. ವೇದಿಕೆಯ ದೀಪಗಳೆಲ್ಲ ಆರಿ, ಸೀರಿಯಲ್ ಸೆಟ್ ಒಂದೇ ಮಿಣುಕುತ್ತಿತ್ತು. ಕಾಂಪೌಂಡರನ ಬಿಳಿ ಕೋಟು ತೊಟ್ಟು ವಿಜ್ಞಾನಿಯಾಗಿದ್ದ ಪುಟ್ಟಸ್ವಾಮಿ ರಟ್ಟಿನ ದೊಡ್ಡ ಕೀಲಿಯನ್ನು ನನ್ನ ಬೆನ್ನಿಗಿಟ್ಟು ತಿರುಗಿಸಿದ. ಅಣ್ಣನ ಡ್ರಮ್ಮು ಟಕ್ ಅಂದಿತು. ನನ್ನ ಬೆರಳು ಅಲ್ಲಾಡಿತು. ಜನ ಹೋ ಅಂದರು. ಅಕಾರ್ಡಿಯನ್ ಒಂದೇ ಸ್ವರವನ್ನು ಎಳೆಯುತ್ತಿತ್ತು, ತಲೆಯ ಡಬ್ಬದ ಮೇಲೆ ಚಪ್ಪರದ ನೀರು ತೊಟ್ಟಿಕ್ಕುತ್ತಿತ್ತು, ಒಳಗೆ ಬಣ್ಣದ ವಾಸನೆ, ಬೆವರು, ನನ್ನದೇ ಉಸಿರಿನ ಬಿಸಿ. ಕೀಲಿ ಮುಗಿದು ಅರ್ಧಕ್ಕೇ ಸ್ತಬ್ಧವಾಗುವುದು ಆ ಐಟಮ್ಮಿನ ಕೊನೆ. ಕೈ ಎತ್ತಿದಂತೆಯೇ ನಿಂತಿದ್ದಾಗ ಚಪ್ಪಾಳೆ ಬಿತ್ತು ನೋಡಿ, ತಗಡಿನೊಳಗೆ ನಾನು ಅಳುತ್ತಿದ್ದೆ. ಅಷ್ಟು ಖುಷಿ ನನಗೆ ಹಿಂದೆಂದೂ ಆಗಿರಲಿಲ್ಲ.

ಒಂದು ದಿನ ಅಂದದ್ದು ಒಂದು ಸೀಸನ್ನಾಯಿತು. ನಮ್ಮ ಐಟಂ ಮೊದಲನೆಯದು, ದೀಪ ಹಚ್ಚುವ ಹೊತ್ತಿಗೆ ಶುರುವಾಗಿ ಮುಗಿದು, ಊಟದ ಹೊತ್ತಿಗೆ ನಾನು ಮನೆಯಲ್ಲಿರುತ್ತಿದ್ದೆ. ತೋಳಿನ ಮೇಲೆ ತಗಡಿನ ಅಂಚು ಗೀರಿದ ಗಾಯಗಳು. ಉದ್ದ ತೋಳಿನ ರವಿಕೆ ಹಾಕಿಕೊಂಡು ಅವ್ವನ ಮುಂದೆ ರಾಗಿ ಬೀಸುತ್ತಿದ್ದೆ. ಯಾರಾದರೂ ಬಾಗಿಲು ತಟ್ಟಿದರೆ ಸಾಕು, ಸುದ್ದಿ ಬಂತು ಅಂದುಕೊಳ್ಳುತ್ತಿದ್ದೆ. ಬೀದಿಯಲ್ಲಿ ಇಬ್ಬರು ಪಿಸುಗುಟ್ಟಿದರೆ ನನ್ನ ಮಾತೇ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಕತೆ.

ಮಳವಳ್ಳಿಯಲ್ಲಂತೂ ಜೀವವೇ ಬಾಯಿಗೆ ಬಂದಿತ್ತು. ಅವಸರದಲ್ಲಿ ಕೈಬಳೆ ತೆಗೆಯುವುದನ್ನು ಮರೆತಿದ್ದೆ. ತೋಳು ಎತ್ತಿದಾಗೆಲ್ಲ ತಗಡಿನೊಳಗೆ ಗಿಲಗಿಲ ಅನ್ನುತ್ತಿತ್ತು. ಜನ ಅದನ್ನು ಯಂತ್ರದ ಸದ್ದು ಅಂದುಕೊಂಡರು, ನನ್ನ ಪುಣ್ಯ. ಆಮೇಲೆ ಒಂದು ಬಳೆ ಒಡೆದು ಚುಚ್ಚಿತು. ಬೆಳ್ಳಿ ಬಣ್ಣದ ಕೈಯಿಂದ ಕೆಂಪಗೆ ತೊಟ್ಟಿಕ್ಕಿದ್ದನ್ನು ಮುಂದಿನ ಸಾಲಿನವನೊಬ್ಬ ನೋಡಿಬಿಟ್ಟ. "ಲೇ, ಯಂತ್ರದಲ್ಲಿ ರಕ್ತ ಬತ್ತಾದೆ ಕಣ್ಲಾ!" ಪುಟ್ಟಸ್ವಾಮಿ ಮೈಕಿನಲ್ಲಿ, "ಗ್ರೀಸು, ಗ್ರೀಸು" ಅಂತ ಕೂಗಿದ. ಐಟಂ ಮುಗಿದ ಮೇಲೆ ಕಮಿಟಿಯವರ ಜೊತೆ ಒಬ್ಬ ವೇದಿಕೆ ಹತ್ತಿ ಬಂದು ನನ್ನ ಎದೆಯ ತಗಡಿನ ಮೇಲೆ ಬೆರಳ ಗಂಟಿನಿಂದ ಕುಟ್ಟಿ ನೋಡಿದ. ಕೆಂಪು ಗಾಜಿನಾಚೆ ಮುಖ ಕಂಡಿತು. ಬಸವಯ್ಯ. ಅವನ ವೀಳ್ಯದೆಲೆಯ ವಾಸನೆ ಡಬ್ಬದೊಳಗೆ ಬರುವಷ್ಟು ಹತ್ತಿರ. "ಒಳ್ಳೇ ಗಟ್ಟಿ ಮಾಲು ಕಣಯ್ಯ" ಅಂತ ಹೇಳಿ ಇಳಿದುಹೋದ. ಅವತ್ತೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ.

ರಾಜ್ಯೋತ್ಸವಕ್ಕೆ ಬೆಸಗರಹಳ್ಳಿ ಕಡೆಯ ಒಂದು ಹಳ್ಳಿಯಿಂದ ಕರೆ ಬಂತು. ಶಾಲೆಯ ಬಯಲಿನಲ್ಲಿ ವೇದಿಕೆ. ಮದ್ದೂರಿನ ತನಕ ಮೋಡ ಕವಿದಿತ್ತು, ಅಲ್ಲಿಂದ ಮುಂದೆ ತುಂತುರು. ಶಾಲೆಯ ಕೊಠಡಿಯೊಂದರಲ್ಲಿ ಅಣ್ಣ ನನ್ನ ನಟ್ಟುಗಳನ್ನು ಬಿಗಿದು, ತಲೆಯ ಕೊಂಡಿ ಹಾಕಿ ಹೊರಗೆ ಹೋದವನು ಹಾಗೇ ಓಡಿಬಂದ. ಡಬ್ಬದ ಕಿವಿಯ ತೂತಿಗೆ ಬಾಯಿಟ್ಟು ಹೇಳಿದ: "ಗಿರಿಜಾ, ಅಪ್ಪ ಬಂದವ್ರೆ ಕಣೇ. ಅಧ್ಯಕ್ಷರು ಬರ್ನಿಲ್ವಂತೆ, ಜೀಪು ಕಳ್ಸಿ ಅಪ್ಪನ್ನ ಕರ್ಕಬಂದವ್ರೆ. ವೇದಿಕೆ ಮ್ಯಾಲೇ ಕುಂತವ್ರೆ. ಬ್ಯಾಡ ಕಣೇ, ಬಿಚ್ಬುಡ್ತೀನಿ."

ಅವನ ಸ್ಪ್ಯಾನರ್ ಬೆನ್ನಿಗೆ ತಾಗಿದ್ದು ಗೊತ್ತಾಯಿತು. ಹೊರಗೆ ಜನ ಆಗಲೇ ಯಂತ್ರ, ಯಂತ್ರ ಅಂತ ಕೂಗುತ್ತಿದ್ದರು. ಬಿಚ್ಚಿಸಿಕೊಂಡರೂ ಹೋಗುವುದೆಲ್ಲಿಗೆ? ಕೊಠಡಿಗೆ ಇದ್ದದ್ದು ಒಂದೇ ಬಾಗಿಲು, ಅದು ತೆರೆಯುತ್ತಿದ್ದುದು ವೇದಿಕೆಯ ಎದುರಿಗೆ. ತಗಡಿನಲ್ಲಿದ್ದರೆ ಯಂತ್ರ, ಬಿಚ್ಚಿದರೆ ಮೇಷ್ಟ್ರ ಮಗಳು. "ಬ್ಯಾಡ, ಕುಣೀತೀನಿ" ಅಂದೆ.

ಕುಣಿದೆ. ಗಾಜಿನಲ್ಲಿ ಅಪ್ಪ ಕೆಂಪಗೆ ಕಾಣುತ್ತಿದ್ದರು, ಅವರ ಜರಿ ಶಾಲೂ ಕೆಂಪು. ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದವರು ನಿಧಾನಕ್ಕೆ ಕಾಲಿಳಿಸಿ ಮುಂದೆ ಬಾಗಿದರು. ನಾನು ಕತ್ತು ಹೊರಳಿಸಿದಾಗೆಲ್ಲ ಅವರ ದೃಷ್ಟಿ ನನ್ನ ಮೇಲೇ ಇತ್ತು. ಹೆದರಿಕೆ ಒಂದು ಹದಕ್ಕೆ ಬಂದ ಮೇಲೆ ಹೆದರಿಕೆಯಾಗಿ ಉಳಿಯುವುದಿಲ್ಲ, ಮೈಗೆ ಏನೋ ಬೇರೆಯೇ ಬಿಗಿ ಬರುತ್ತದೆ. ಅವತ್ತು ಕುಣಿದ ಹಾಗೆ ಇಡೀ ಸೀಸನ್ನಿನಲ್ಲಿ ಕುಣಿದಿರಲಿಲ್ಲ. ಕೀಲಿ ಮುಗಿಯಿತು. ಸ್ತಬ್ಧಳಾದೆ. ಇನ್ನೇನು ದೀಪ ಆರಬೇಕು, ಅಣ್ಣ ಬಂದು ನನ್ನನ್ನು ತಳ್ಳಿಕೊಂಡು ಹೋಗಬೇಕು.

ಆಗಲೇ ಊರಿನ ಯಜಮಾನರು ಚಿಕ್ಕೇಗೌಡರು ಹೊಸ ಟವಲ್ಲು, ತಟ್ಟೆಯಲ್ಲಿ ವೀಳ್ಯ ಹಿಡಿದು ವೇದಿಕೆ ಹತ್ತಿದರು. ನಾವು ಮಾಡಿದ ತಪ್ಪು ಅದೇ. ನಮಗೆ ಅದು ಯಂತ್ರ, ಅವರಿಗೆ ಗೊಂಬೆ. ಆ ಊರಿನಲ್ಲಿ ಗಾರುಡಿ ಗೊಂಬೆ ಕುಣಿಸುವುದು ತಲೆತಲಾಂತರದ ಪದ್ಧತಿ. ಬಿದಿರಿನ ದೊಡ್ಡ ಗೊಂಬೆಯನ್ನು ಹೊತ್ತು ಒಳಗಿಂದಲೇ ಕುಣಿಯುವವನನ್ನು, ಕುಣಿತ ಮುಗಿದ ಮೇಲೆ ಎಲ್ಲರ ಎದುರಿಗೆ ಹೊರಗೆ ಕರೆದು, ಹಿರಿಯರೊಬ್ಬರು ಅವನ ಬೆವರು ಒರೆಸಿ ವೀಳ್ಯ ಕೊಡಬೇಕು. ಅದನ್ನು ಯಾರೂ ನಮಗೆ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

"ಒಳ್ಗಿರೋನ ಬೆವ್ರು ಒರಸ್ದೆ ಅಂಗೇ ಕಳ್ಸುದ್ರೆ ಊರ್ಗೆ ಒಳ್ಳೇದಲ್ಲ" ಅಂದರು ಗೌಡರು ಮೈಕಿನಲ್ಲೇ. "ನಮ್ ಮೇಷ್ಟ್ರು ದೊಡ್ಡೋರು, ಅವ್ರೇ ಒರಸ್ಲಿ."

ಪುಟ್ಟಸ್ವಾಮಿ ಅಡ್ಡ ಬಂದ. "ಬ್ಯಾಡಿ ಯಜಮಾನ್ರೇ, ಒಳಗೆ ಕರೆಂಟು ಐತೆ, ಮುಟ್ಟುದ್ರೆ ಹೊಡೀತದೆ." ಗೌಡರು ಅವನನ್ನು ಮೇಲಿಂದ ಕೆಳಗೆ ನೋಡಿದರು. "ಒಳ್ಗಿರೋನ್ಗೆ ಒಡೀದಿರೋ ಕರೆಂಟು ನಮ್ಗೆ ಒಡೀತದಾ? ಓಗಯ್ಯ ಅತ್ಲಾಗಿ." ಜನ ಗೊಳ್ಳೆಂದರು. ಅಣ್ಣ ಡ್ರಮ್ಮಿನ ಹಿಂದೆ ಕೋಲು ಹಿಡಿದು ಕಲ್ಲಾಗಿದ್ದ.

ಅಪ್ಪ ಎದ್ದರು. ಟವಲ್ಲು ಹೆಗಲ ಮೇಲೆ ಹಾಕಿಕೊಂಡರು. ಅವರ ಬೆರಳುಗಳು ನನ್ನ ಕತ್ತಿನ ಕೊಂಡಿಗಳನ್ನು ಹುಡುಕಿದವು. ಒಂದು ಬಿಚ್ಚಿತು. ಇನ್ನೊಂದು ಬಿಚ್ಚಿತು. ಡಬ್ಬ ಮೇಲೆದ್ದಿತು. ತಣ್ಣನೆ ಗಾಳಿ ಗಲ್ಲಕ್ಕೆ ತಾಗಿತು, ತುಟಿಗೆ ತಾಗಿತು, ಆಮೇಲೆ ಕಣ್ಣಿಗೆ. ಅಪ್ಪನ ಬೆನ್ನು ಜನರ ಕಡೆಗಿತ್ತು, ಗೌಡರು ತಟ್ಟೆ ಹಿಡಿದು ಅವರ ಹಿಂದೆ ಇದ್ದರು. ಕೆಂಪು ಗಾಜಿಲ್ಲದೆ ಅವರ ಮುಖ ಬೂದಿಯ ಹಾಗೆ ಕಂಡಿತು. ನಾನು ಅವರನ್ನು ನೋಡಿದೆ, ಅವರು ನನ್ನನ್ನು ನೋಡಿದರು. ಎಷ್ಟು ಹೊತ್ತೋ ತಿಳಿಯದು.

ಆಮೇಲೆ ಡಬ್ಬ ನಿಧಾನಕ್ಕೆ ಕೆಳಗಿಳಿಯಿತು. ಕೊಂಡಿ ಎರಡೂ ಬಿದ್ದವು. ಅಪ್ಪ ಮೈಕಿನ ಕಡೆ ತಿರುಗಿದರು. ತಮ್ಮ ಭಾಷಣದ ದನಿಯಲ್ಲಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು:

"ಮಹನೀಯರೇ, ಒಳಗೆ ಯಾರೂ ಇಲ್ಲ. ಇದು ಶುದ್ಧ ಯಂತ್ರ."

ಗೌಡರು ಹತ್ತಿರ ಬಂದು, "ಯಾರೂ ಇಲ್ವಾ ಮೇಷ್ಟ್ರೇ? ನೀವೇ ನೋಡುದ್ರಾ?" ಅಂದರು. "ನಾನೇ ನೋಡಿದೆ. ಯಾರೂ ಇಲ್ಲ" ಅಂದರು ಅಪ್ಪ. ಸಿಳ್ಳೆ, ಚಪ್ಪಾಳೆ, ಕೂಗು. ಗೌಡರು ಪದ್ಧತಿ ಬಿಡಲಾರದೆ ಅಪ್ಪನ ಹೆಗಲಿನಿಂದ ಟವಲ್ಲು ತೆಗೆದು ಬಿಸ್ಕತ್ತು ಡಬ್ಬವನ್ನೇ ಒರೆಸಿ, ನನ್ನ ತಗಡಿನ ಅಂಗೈಯಲ್ಲಿ ವೀಳ್ಯ ಇಟ್ಟರು. ಬದುಕಿದೆ ಅಂತ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ನಾನು ಅಲ್ಲೇ ಇದ್ದೆ, ಬೆವರುತ್ತಾ ಇದ್ದೆ, ನಮ್ಮಪ್ಪ ಇಲ್ಲ ಅಂದಿದ್ದರು.

ಮನೆಯಲ್ಲಿ ಬೆತ್ತ ಬೀಳುತ್ತದೆ ಅಂದುಕೊಂಡಿದ್ದೆ. ಏನೂ ಆಗಲಿಲ್ಲ. ಅವ್ವನಿಗೂ ಅವರು ಹೇಳಲಿಲ್ಲ. ಬೆಳಿಗ್ಗೆ ಪೇಪರು, ಸ್ಕೂಲು, ಸಂಜೆ ಹಜಾರದಲ್ಲಿ ಬೀಸಣಿಗೆ. ನಾನು ಅನ್ನ ಬಡಿಸಿದರೆ ತಟ್ಟೆಯನ್ನು ನೋಡಿ ಸಾಕು ಅಂತ ಕೈ ಅಡ್ಡ ಹಿಡಿಯುತ್ತಿದ್ದರು. ಬೈದಿದ್ದರೆ ಎಷ್ಟೋ ಸುಖವಿತ್ತು. ಅಣ್ಣ ಡ್ರಮ್ಸ್ ಮುಟ್ಟಲಿಲ್ಲ, ತಗಡಿನ ಮೈಯನ್ನು ಪುಟ್ಟಸ್ವಾಮಿ ತಂದು ಕೊಟ್ಟಿಗೆಯ ಮೂಲೆಗೆ ಹಾಕಿ ಹೋದ. ಹಿಂಗಾರು ಬಿಡದೆ ಸುರಿಯುತ್ತಿತ್ತು. ಮೊದಮೊದಲು ನನಗೆ ಭಯ ಮಾತ್ರ ಇತ್ತು. ಬರಬರುತ್ತಾ ಸಿಟ್ಟು ಬಂತು. ಹೊಡೆಯುವುದಕ್ಕಾದರೂ ಎದುರಿಗೆ ಒಬ್ಬರು ಇರಬೇಕಲ್ಲ. ಇವರಿಗೆ ನಾನು ಇಲ್ಲವೇ ಇಲ್ಲ.

ಒಂದು ಶನಿವಾರ ಅವ್ವ ಅಕ್ಕಿ ಆರಿಸುತ್ತಾ ತಲೆಯೆತ್ತದೆ ಹೇಳಿದಳು: "ನಿಮ್ಮಪ್ಪ ಮಳವಳ್ಳಿಯೋರ್ಗೆ ಬರೇಳವ್ರೆ ಕಣವ್ವ. ನಾಳೀಕ್ ಬತ್ತಾರೆ. ಹಸ್ರು ಸೀರೆ ಉಟ್ಕ." ಶಿಕ್ಷೆ ಕೊನೆಗೂ ಬಂದಿತ್ತು. ಹೋಗಿ ಆ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದಿಟ್ಟೆ.

ಭಾನುವಾರ ಬಸವಯ್ಯ, ಗಂಡಿನ ತಾಯಿ, ಇನ್ನಿಬ್ಬರು ಹಿರಿಯರು ಬಂದು ಹಜಾರದ ಚಾಪೆಯ ಮೇಲೆ ಕುಳಿತರು. ನಾನು ಕಾಫಿ ತಟ್ಟೆ ಹಿಡಿದು ಒಳಬಾಗಿಲಲ್ಲಿ ನಿಂತಿದ್ದೆ. ಮಳೆ, ಬೆಳೆ, ಕಬ್ಬಿನ ಕಟಾವು ಎಲ್ಲ ಮಾತಾಡಿ ಮುಗಿದ ಮೇಲೆ ಬಸವಯ್ಯ ತೊಡೆ ತಟ್ಟಿಕೊಂಡು ನಕ್ಕ.

"ಅಲ್ಲಾ ಮೇಷ್ಟ್ರೇ, ಆ ಕುಣಿಯೋ ಯಂತ್ರದೊಳ್ಗೆ ಯಾರೂ ಇರ್ನಿಲ್ವಂತೆ? ನೀವೇ ಮುಚ್ಚಳ ತೆಗ್ದು ನೋಡಿ ಏಳುದ್ರಂತೆ, ಊರೂರೇ ಮಾತಾಡ್ಕತಾದೆ. ನಾನೂ ನಮ್ಮೂರಲ್ಲಿ ಕುಟ್ಟಿ ನೋಡಿದ್ದೆ. ಯಾರೋ ಅವ್ರೆ ಅನ್ನುಸ್ತು ಕಣಪ್ಪ ನನ್ಗೆ."

ಅಪ್ಪ ನೆಲ ನೋಡುತ್ತಾ, "ಯಾರೂ ಇರ್ನಿಲ್ಲ" ಅಂದರು.

"ನಾನಿದ್ದೆ" ಅಂದೆ.

ಹೇಳಬೇಕು ಅಂತ ಲೆಕ್ಕ ಹಾಕಿ ಹೇಳಿದ್ದಲ್ಲ. ಬಾಯಿಂದ ಬಂದೇಬಿಟ್ಟಿತು. ಹಜಾರದಲ್ಲಿ ಎಲ್ಲರೂ ನನ್ನ ಕಡೆ ತಿರುಗಿದರು. ಹಿಂದೆ ಅವ್ವ, "ಅಯ್ಯಯ್ಯೋ" ಅಂತ ಬಾಯಿಗೆ ಸೆರಗು ತುರುಕಿಕೊಂಡಳು. "ಒಳ್ಗೆ ನಾನಿದ್ದೆ. ದುದ್ದದಲ್ಲೂ ನಾನೇ, ಮಳವಳ್ಳೀಲೂ ನಾನೇ. ಎಲ್ಲಾ ಕಡೆ ಕುಣಿದಿದ್ದು ನಾನೇ."

ಬಸವಯ್ಯನ ಮುಖದ ನಗು ಇನ್ನೂ ಇಳಿದಿರಲಿಲ್ಲ, ಹಾಗೇ ಅಂಟಿಕೊಂಡಿತ್ತು. "ಏನ್ ಮೇಷ್ಟ್ರೇ ಇದು? ಮಗಾ ತಮಾಸೆ ಮಾಡ್ತಾದಾ?"

ಅಪ್ಪ ತಲೆಯೆತ್ತಿದರು. ಅವತ್ತು ಬಯಲಿನಲ್ಲಿ ನೋಡಿದ ಮೇಲೆ ಮೊದಲ ಸಲ ನನ್ನ ಮುಖ ನೋಡಿದರು. ತಟ್ಟೆಯಲ್ಲಿ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ನನ್ನ ಓದಿನ ಹಣೆಬರಹ ಆ ಗಳಿಗೆಯಲ್ಲಿ ಎಲ್ಲಿ ನಿಂತಿತ್ತು ಅಂತ ಇವತ್ತಿಗೂ ನೆನೆದರೆ ಮೈ ಜುಮ್ಮೆನ್ನುತ್ತದೆ.

"ತಮಾಸೆ ಅಲ್ಲ" ಅಂದರು ಅಪ್ಪ. ದನಿ ಭಾಷಣದ್ದಲ್ಲ, ಮನೆಯದು. "ಒಳ್ಗೆ ಇದ್ದಿದ್ದು ನನ್ ಮಗಳೇ. ಸುಳ್ಳು ಏಳ್ದೋನು ನಾನು."

ಗಂಡಿನ ತಾಯಿ ಮೊದಲು ಎದ್ದಳು, ಆಮೇಲೆ ಉಳಿದವರು. ಬಸವಯ್ಯ ಚಪ್ಪಲಿ ಮೆಟ್ಟುವಾಗ ಏನೋ ಗೊಣಗಿದ. ಅಪ್ಪ ತಡೆಯಲೂ ಇಲ್ಲ, ಬಾಗಿಲವರೆಗೆ ಹೋಗಲೂ ಇಲ್ಲ. ಅವರೆಲ್ಲ ಬೀದಿ ತಿರುಗಿದ ಮೇಲೆ, ತಟ್ಟೆ ಹಿಡಿದು ನಿಂತಲ್ಲೇ ನಿಂತಿದ್ದ ನನ್ನ ಕಡೆ ಕೈ ಚಾಚಿದರು.

"ಬಾವ್ವ ಇಲ್ಲಿ. ಕಾಫಿ ಆರೋಯ್ತದೆ, ಕೊಡು" ಅಂದರು. "ನೀನೂ ಒಂದು ಲೋಟ ತಕ್ಕೊಂಡು ಕೂತ್ಕೊ."